ನಿದ್ದೆಗೆ ಪೆಪ್ಟೈಡಾ, ಮಾತ್ರೆಯಾ, ಬೆಳಗಿನ ಬಿಸಿಲಾ?

ಕಳೆದ ಮಳೆಗಾಲದಲ್ಲಿ ಒಬ್ಬರು ನನ್ನ ಮೆಡಿಕಲ್ಲಿಗೆ ಬಂದು ಮೇಜಿನ ಮೇಲೆ ಒಂದು ಪುಟ್ಟ ಬಾಟ್ಲಿ ಇಟ್ಟರು. ಕಿರುಬೆರಳಿನಷ್ಟು ಉದ್ದ, ತಳದಲ್ಲಿ ಚಿಟಿಕೆ ಬಿಳಿ ಪುಡಿ, ನೀಲಿ ಮುಚ್ಚಳ. ಪೆರ್ಲದ ಹತ್ತಿರ ಅಡಿಕೆ ತೋಟ ಇರುವವರು, ಪ್ರಾಯ 62.

"ದುಬೈಯಲ್ಲಿರುವ ಅಳಿಯ ಕಳಿಸಿದ್ದು ಭಾವ. ಇದನ್ನು ಹಾಕಿಸಿಕೊಂಡರೆ ಒಳ್ಳೆ ನಿದ್ದೆ ಬರ್ತದಂತೆ, ಪ್ರಾಯವೂ ಇಳೀತದಂತೆ. ಸೂಜಿ ಹಾಕಿ ಕೊಡ್ತೀರಾ?"

ಲೇಬಲ್ಲಿನಲ್ಲಿ ಎಪಿಟಲಾನ್ ಎಂದಿತ್ತು. ಅದೊಂದು ಪೆಪ್ಟೈಡ್, ಅಂದರೆ ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಹೆಸರಿನ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಇಂಗ್ಲಿಷಿನ ಒಂದು ಸಾಲು: ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ. ಓದಿ ಹೇಳಿದೆ. ಅವರು ನಕ್ಕರು. "ಅದು ಸುಮ್ನೆ ಬರೆಯುವುದಲ್ವಾ?"

ಸುಮ್ನೆ ಬರೆಯುವುದಲ್ಲ. ಆ ಒಂದು ಸಾಲಿನಿಂದಾಗಿ ಮಾರುವವನಿಗೆ ಮದ್ದಿನ ಕಾನೂನು ತಗಲುವುದಿಲ್ಲ, ಅಥವಾ ತಗಲುವುದಿಲ್ಲ ಎಂದು ಅವನು ಅಂದುಕೊಳ್ಳುತ್ತಾನೆ. ನಾನು ಸೂಜಿ ಹಾಕಲಿಲ್ಲ.

ಆ ಮೇಲೆ ಇದೇ ಜಾತಿಯ ಇನ್ನೂ ಎರಡು ಪ್ರಶ್ನೆ ಬಂದವು. ನೀರ್ಚಾಲಿನ ಅಕ್ಕ ಒಬ್ಬರ ತಾಯಿಗೆ ಪಾರ್ಶ್ವವಾಯು ಆಗಿ ಮಂಗಳೂರಿನಲ್ಲಿ ಸೇರಿಸಿದ್ದರು. ಅಲ್ಲಿ "ಮೆದುಳಿಗೆ ಪೆಪ್ಟೈಡ್ ಡ್ರಿಪ್ ಕೊಡಬಹುದು, ಸ್ವಲ್ಪ ದುಬಾರಿ" ಎಂದಿದ್ದರಂತೆ. ಇನ್ನೊಬ್ಬಳು ಎಂ.ಎಸ್ಸಿ. ಓದುವ ಹುಡುಗಿ. ಪೀನಿಯಲ್ ಗ್ರಂಥಿಯ ಮೇಲೆ ಪ್ರಾಜೆಕ್ಟ್ ಮಾಡಬೇಕು, ಯಾವ ಪೆಪ್ಟೈಡ್ ತಗೊಳ್ಳಲಿ ಎಂದು ಕೇಳಿದಳು. ಮೂವರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ನಾನು ಯಾವ ಮದ್ದನ್ನಾದರೂ ಐದು ಪ್ರಶ್ನೆ ಕೇಳಿ ತೂಗುತ್ತೇನೆ. ಪರೀಕ್ಷೆಯಲ್ಲಿ ಅಳೆದದ್ದು ಏನು? ಮನುಷ್ಯರ ನಿದ್ದೆಯನ್ನೇ ಅಳೆದರೋ, ಗಾಜಿನ ತಟ್ಟೆಯಲ್ಲಿದ್ದ ಜೀವಕೋಶವನ್ನೋ? ಅಳೆದವರು ಯಾರು? ಕಂಡುಹಿಡಿದವರು ಮಾತ್ರವೋ, ಬೇರೆಯವರೂ ಮಾಡಿ ನೋಡಿದ್ದಾರೋ? ಬಾಟ್ಲಿಯೊಳಗೆ ಇರುವುದು ಲೇಬಲ್ಲಿನಲ್ಲಿ ಬರೆದದ್ದೇ ಹೌದೋ? ಒಳಗೆ ಹೋಗುವ ದಾರಿ ಯಾವುದು, ಬಾಯಿಯೋ ಮೂಗೋ ಸೂಜಿಯೋ? ಹೆಚ್ಚುಕಮ್ಮಿಯಾದರೆ ಉತ್ತರ ಕೊಡುವವರು ಯಾರು?

ದುಡ್ಡಿನ ಪ್ರಶ್ನೆ ಆರನೆಯದು. ಬಾಟ್ಲಿಯ ಬೆಲೆಯೊಂದನ್ನೇ ನೋಡಬೇಡಿ. ಮಂಗಳೂರಿಗೆ ಹೋಗಿ ಬರುವ ಖರ್ಚು, ಕೆಲಸ ಬಿಟ್ಟ ದಿನ, ಸೂಜಿ, ರಕ್ತ ಪರೀಕ್ಷೆ ಎಲ್ಲ ಸೇರಿಸಿ.

ನಮ್ಮ ಕಡೆ ಏಳನೆಯದೂ ಒಂದಿದೆ: ಯಾವ ಪ್ರಾಣಿಯಿಂದ ತೆಗೆದದ್ದು? ಕಾಸರಗೋಡಿನಲ್ಲಿ ಒಂದೇ ಬಸ್ಸಿನಲ್ಲಿ ದನ ಬೇಡ ಎನ್ನುವವರೂ ಇದ್ದಾರೆ, ಹಂದಿ ಬೇಡ ಎನ್ನುವವರೂ ಇದ್ದಾರೆ, ಎರಡೂ ಬೇಡ ಎನ್ನುವವರೂ ಇದ್ದಾರೆ. ಇದನ್ನು ಡಾಕ್ಟರು ತಾವಾಗಿ ಹೇಳುವುದು ಕಡಿಮೆ. ಕೇಳಬೇಕು.

ಗ್ರಂಥಿ ಮಾಡುವುದು ಏನು

ಪೀನಿಯಲ್ ತಲೆಯ ಒಳಗೆ, ನಟ್ಟನಡುವೆ ಇದೆ. ತೂಕ 100ರಿಂದ 150 ಮಿಲಿಗ್ರಾಂ. ದೆಕಾರ್ತ್ ಇದನ್ನು ಆತ್ಮದ ಪೀಠ ಎಂದ, ನಮ್ಮಲ್ಲಿ ಕೆಲವರು ಮೂರನೇ ಕಣ್ಣು ಎನ್ನುತ್ತಾರೆ. ಕೆಲಸ ಮಾತ್ರ ಅಷ್ಟು ದೊಡ್ಡ ಹೆಸರಿನದ್ದಲ್ಲ. ಕತ್ತಲಾದರೆ, ರಾತ್ರಿಯಾಯಿತು ಎಂದು ಮೈಗೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನ್ ಮಾಡುತ್ತದೆ, ಬೆಳಕಾದರೆ ನಿಲ್ಲಿಸುತ್ತದೆ.

ಬೆಳಕಿನ ಸುದ್ದಿ ಮುಟ್ಟುವುದು ಕಣ್ಣಿನಿಂದ. ರೆಟಿನಾದ ಕೆಲವು ವಿಶೇಷ ಕೋಶಗಳು, ಮುಖ್ಯವಾಗಿ 480 ನ್ಯಾನೋಮೀಟರ್ ಸುತ್ತಿನ ನೀಲಿ ಬೆಳಕಿಗೆ ಎಚ್ಚರಗೊಂಡು, ಮೆದುಳಿನ ಗಡಿಯಾರಕ್ಕೆ ಹೇಳುತ್ತವೆ. ಅಲ್ಲಿಂದ ಸುದ್ದಿ ಬೆನ್ನುಹುರಿಗೆ ಇಳಿದು, ಕುತ್ತಿಗೆಯ ನರಗಂಟಿನಲ್ಲಿ ತಿರುಗಿ, ಮತ್ತೆ ತಲೆಗೆ ಏರಿ ಪೀನಿಯಲ್ ಮುಟ್ಟುತ್ತದೆ. ಕುಂಬಳೆಯಿಂದ ಹತ್ತಿರದ ಬದಿಯಡ್ಕಕ್ಕೆ ಮಂಗಳೂರು ಸುತ್ತಿ ಹೋದ ಹಾಗೆ! ಆದರೂ ಸುದ್ದಿ ತಪ್ಪುವುದಿಲ್ಲ. ರಾತ್ರಿ ಹತ್ತಕ್ಕೆ ಕಣ್ಣಿಗೆ ಫೋನ್ ಹಿಡಿದರೆ ಗ್ರಂಥಿಗೆ ಇನ್ನೂ ಸಂಜೆ.

ಮೆಲಟೋನಿನ್ ಸಿಕ್ಕಿದ ಕತೆ ನಿದ್ದೆಯದ್ದೇ ಅಲ್ಲ. ದನದ ಪೀನಿಯಲ್ ತಿನ್ನಿಸಿದರೆ ಗೊದಮೊಟ್ಟೆಗಳ ಮೈ ಬಿಳಿಚಿಕೊಳ್ಳುತ್ತದೆ ಎಂದು 1917ರಲ್ಲೇ ಗೊತ್ತಾಗಿತ್ತು. ಅದರ ಜಾಡು ಹಿಡಿದು 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಚರ್ಮದ ಡಾಕ್ಟರ್ ಆರನ್ ಲರ್ನರ್ ಮೆಲಟೋನಿನ್ ಬೇರ್ಪಡಿಸಿದರು. ಅವರು ಹುಡುಕುತ್ತಿದ್ದದ್ದು ಚರ್ಮದ ಮದ್ದು. ಈಗ ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಮಾಡಿದ್ದು, ದನದ್ದಲ್ಲ.

ಪ್ರಾಯ ಆದಂತೆ ರಾತ್ರಿಯ ಮೆಲಟೋನಿನ್ ಸಾಮಾನ್ಯವಾಗಿ ತಗ್ಗುತ್ತದೆ. ಪೆಪ್ಟೈಡಿನವರ ವಾದ ಇಲ್ಲಿಂದ ಶುರು: ಗ್ರಂಥಿಯನ್ನೇ ತಟ್ಟಿ ಎಬ್ಬಿಸಿದರೆ?

ಎಪಿಟಲಾನ್

ಈ ಬಾಟ್ಲಿಯೇ ಎಲ್ಲರ ತಲೆ ಕೆಡಿಸಿದ್ದು, ಹಾಗಾಗಿ ಇದಕ್ಕೆ ಜಾಸ್ತಿ ಜಾಗ.

1970ರ ದಶಕದಲ್ಲಿ ಲೆನಿನ್‌ಗ್ರಾಡಿನ ಮಿಲಿಟರಿ ಮೆಡಿಕಲ್ ಅಕಾಡೆಮಿಯಲ್ಲಿ ವ್ಲಾದಿಮಿರ್ ಖಾವಿನ್ಸನ್ ಮತ್ತು ಜೊತೆಗಾರರು ದನಗಳ ಪೀನಿಯಲ್‌ನಿಂದ ಎಪಿತಲಮಿನ್ ಎಂಬ ಸಾರ ತೆಗೆದರು. ಆಮೇಲೆ ಅದರ ಅಮೈನೋ ಆಮ್ಲಗಳ ಲೆಕ್ಕ ನೋಡಿ, ನಾಲ್ಕನ್ನು ಮಾತ್ರ ಸರಪಳಿಯಾಗಿ ಪೋಣಿಸಿ ಎಪಿಟಲಾನ್ ಮಾಡಿದರು: ಅಲನಿನ್, ಗ್ಲುಟಾಮಿಕ್ ಆಮ್ಲ, ಆಸ್ಪಾರ್ಟಿಕ್ ಆಮ್ಲ, ಗ್ಲೈಸಿನ್. ಅಂದರೆ ಎಪಿತಲಮಿನ್ ದನದ್ದು, ಎಪಿಟಲಾನ್ ದನದ್ದಲ್ಲ. ಹೆಸರು ಹತ್ತಿರ ಇರುವುದರಿಂದ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಒಂದರ ಫಲಿತಾಂಶ ತೋರಿಸಿ ಇನ್ನೊಂದನ್ನು ಮಾರುವವರೂ ಇದ್ದಾರೆ.

ಕಂಡದ್ದೇನು? ಮುದಿ ರೀಸಸ್ ಮಂಗಗಳಿಗೆ ಕೊಟ್ಟಾಗ ಸಂಜೆಯ ಮೆಲಟೋನಿನ್ ಏರಿತು, ಎಳೆ ಮಂಗಗಳಲ್ಲಿ ಹಾಗೆ ಏರಲಿಲ್ಲ. ಇದು ನಿಜಕ್ಕೂ ಕುತೂಹಲದ ವಿಷಯ. 2003ರಲ್ಲಿ ಮನುಷ್ಯರ ಜೀವಕೋಶಗಳಲ್ಲಿ ಟೆಲೊಮರೇಸ್ ಎಂಬ ಕಿಣ್ವ ಎಚ್ಚರಗೊಂಡು, ಪ್ರಾಯದೊಂದಿಗೆ ಸವೆಯುವ ವರ್ಣತಂತುಗಳ ತುದಿ, ಅಂದರೆ ಟೆಲೊಮಿಯರ್, ಉದ್ದವಾಯಿತು ಎಂದು ಬರೆದರು. "ಪ್ರಾಯ ಇಳೀತದೆ" ಎಂಬ ಮಾತು ಹುಟ್ಟಿದ್ದು ಆ ಕಡೆಯಿಂದ.

ಅದೇ ವರ್ಷದ ಇಲಿಗಳ ಪ್ರಯೋಗವನ್ನು ಸ್ವಲ್ಪ ನಿಧಾನವಾಗಿ ನೋಡಿ. ಮದ್ದು ಪಡೆದ ಹೆಣ್ಣು ಇಲಿಗಳಲ್ಲಿ ಕೊನೆಯವರೆಗೆ ಉಳಿದ ಶೇ. 10ರಷ್ಟು ಇಲಿಗಳು ಸುಮಾರು ಶೇ. 13ರಷ್ಟು ಜಾಸ್ತಿ ಬದುಕಿದವು. ಮಾರುವವರು ತೋರಿಸುವುದು ಈ ಅಂಕೆ. ಸರಾಸರಿ ಆಯುಸ್ಸು ಬದಲಾಗಲೇ ಇಲ್ಲ ಎಂಬುದು ಅದೇ ಪ್ರಬಂಧದಲ್ಲಿದೆ. ಅದನ್ನು ಯಾರೂ ತೋರಿಸುವುದಿಲ್ಲ. ಆ ಇಲಿಗಳಲ್ಲಿ ರಕ್ತದ ಕ್ಯಾನ್ಸರ್ ಕಡಿಮೆಯಾಯಿತು ಎಂಬುದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ನಾನೂ ಅವರ ಹಾಗೆ ಅರ್ಧ ಓದಿದ ಹಾಗಾಗುತ್ತದೆ.

"ಅಳೆದವರು ಯಾರು" ಎಂಬಲ್ಲಿ ಎಪಿಟಲಾನ್ ಎಡವುತ್ತದೆ. ಹೆಚ್ಚಿನ ಕೆಲಸ ಅದೇ ಲೆನಿನ್‌ಗ್ರಾಡಿನ, ಅಂದರೆ ಈಗಿನ ಸೇಂಟ್ ಪೀಟರ್ಸ್‌ಬರ್ಗಿನ ಒಂದೇ ಬಳಗದ್ದು ಮತ್ತು ಅವರ ಜೊತೆ ಸೇರಿದವರದ್ದು. ಹೊರಗಿನವರು ಮಾಡಿದ್ದು ಈಚೆಗೆ. 2025ರಲ್ಲಿ ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದವರು ಟೆಲೊಮಿಯರ್ ಉದ್ದವಾಗುವುದನ್ನು ತಾವೂ ಕಂಡರು. ಒಳ್ಳೆಯದಾಯಿತು ಎನ್ನುವಷ್ಟರಲ್ಲಿ ಇನ್ನೊಂದು ವಿಷಯ ಇದೆ: ಸ್ತನ ಕ್ಯಾನ್ಸರಿನ ಕೋಶಗಳಲ್ಲೂ, ಬೇರೆ ದಾರಿಯಿಂದ, ಉದ್ದವಾಯಿತು. ತಟ್ಟೆಯಲ್ಲಿ ಆದದ್ದು ಮೈಯಲ್ಲೂ ಆಗುತ್ತದೆ ಎಂದಲ್ಲ. ಆದರೆ 60 ದಾಟಿದವರ ಮೈಯಲ್ಲಿ ಎಲ್ಲೋ ಒಂದು ಗಂಟು ಅಡಗಿದ್ದರೆ? ಕ್ಯಾನ್ಸರ್ ಕೋಶಗಳು ಸಾಯದೆ ಉಳಿಯುವುದೇ ಈ ತುದಿಗಳನ್ನು ಉಳಿಸಿಕೊಂಡು.

ನಿದ್ದೆಯ ಲೆಕ್ಕಕ್ಕೆ ಬಂದರೆ, ಇಷ್ಟು ನಿಮಿಷ ಬೇಗ ನಿದ್ದೆ ಬಂತು ಎಂದು ದೊಡ್ಡ ಸಂಖ್ಯೆಯ ಜನರಲ್ಲಿ ಅಳೆದು ತೋರಿಸಿದ ಪರೀಕ್ಷೆ ಇದಕ್ಕೆ ಇಲ್ಲ. ಭಾರತದಲ್ಲಿ ಮದ್ದಾಗಿ ಒಪ್ಪಿಗೆ ಇಲ್ಲ. 2023ರಲ್ಲಿ ಅಮೆರಿಕದ ಮದ್ದು ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು, ಮದ್ದಂಗಡಿಗಳು ಬೆರೆಸಿ ಕೊಡುವ ವಸ್ತುಗಳಲ್ಲಿ ಸುರಕ್ಷತೆಯ ಆತಂಕ ಇರುವವುಗಳ ಪಟ್ಟಿಗೆ ಹಾಕಿತು. ಹೆಚ್ಚುಕಮ್ಮಿಯಾದರೆ ಉತ್ತರ ಕೊಡುವವರು? ಅಳಿಯನಂತೂ ಅಲ್ಲ.

ಹೆಸರಿನಲ್ಲಿ ಪೀನಿಯಲ್ ಇದ್ದರೆ ಸಾಕೇ

ಪಿನಿಯಲಾನ್ ಎಂಬ ತಮ್ಮನೂ ಇದ್ದಾನೆ. ಮೂರೇ ಅಮೈನೋ ಆಮ್ಲ: ಗ್ಲುಟಾಮಿಕ್ ಆಮ್ಲ, ಆಸ್ಪಾರ್ಟಿಕ್ ಆಮ್ಲ, ಆರ್ಜಿನಿನ್. ಹೆಸರು ಪೀನಿಯಲ್‌ನದ್ದು, ಆದರೆ ಹೆಚ್ಚಾಗಿ ನೋಡಿದ್ದು ಮೆದುಳಿನ ನರಕೋಶಗಳನ್ನು, ಅದೂ ತಟ್ಟೆಯಲ್ಲಿ ಮತ್ತು ಇಲಿಗಳಲ್ಲಿ. ನಿದ್ದೆಗೆಂದು ಇದನ್ನು ಕೊಳ್ಳುವುದು ಹೆಸರನ್ನು ಕೊಂಡ ಹಾಗೆ.

ಡಿಎಸ್‌ಐಪಿಯ ಹೆಸರಿನಲ್ಲೇ ನಿದ್ದೆ ಇದೆ: ಡೆಲ್ಟಾ ಸ್ಲೀಪ್ ಇಂಡ್ಯೂಸಿಂಗ್ ಪೆಪ್ಟೈಡ್, ಅಂದರೆ ಗಾಢ ನಿದ್ದೆ ತರಿಸುವ ಪೆಪ್ಟೈಡ್. ಒಂಬತ್ತು ಅಮೈನೋ ಆಮ್ಲಗಳದ್ದು, 1970ರ ದಶಕದಲ್ಲಿ ಸ್ವಿಸ್ ವಿಜ್ಞಾನಿಗಳು ಮಲಗಿದ್ದ ಮೊಲಗಳಿಂದ ಬೇರ್ಪಡಿಸಿದ್ದು. ಇಷ್ಟು ವರ್ಷವಾದರೂ ಅದನ್ನು ಮಾಡುವ ಜೀನ್ ಆಗಲಿ, ಅದು ಹೋಗಿ ಕೂರುವ ಜಾಗವಾಗಲಿ ಖಚಿತವಾಗಿ ಸಿಕ್ಕಿಲ್ಲ. ಮುಂದೆ ಹೋಗೋಣ.

ಸೆಮ್ಯಾಕ್ಸ್ ಮತ್ತು ಸೆಲಾಂಕ್ ಸ್ವಲ್ಪ ಬೇರೆ ಮಟ್ಟದವು. ಎರಡೂ ಏಳು ಅಮೈನೋ ಆಮ್ಲದವು, ಎರಡರ ಬಾಲದಲ್ಲೂ ಪ್ರೋಲಿನ್, ಗ್ಲೈಸಿನ್, ಪ್ರೋಲಿನ್. ಬೇಗ ಕರಗಿಹೋಗದಿರಲಿ ಎಂದು ಕಟ್ಟಿದ ಬಾಲ ಅದು. ಮೂಗಿಗೆ ಹನಿ ಬಿಡುವುದರಿಂದ ಸೂಜಿಯ ತಾಪತ್ರಯ ಇಲ್ಲ. ರಷ್ಯಾದಲ್ಲಿ ಸೆಮ್ಯಾಕ್ಸ್‌ಗೆ ಪಾರ್ಶ್ವವಾಯುವಿಗೆ, ಸೆಲಾಂಕ್‌ಗೆ ಆತಂಕಕ್ಕೆ ಒಪ್ಪಿಗೆ ಇದೆ. ಅಂದರೆ ಅಲ್ಲಿ ಡಾಕ್ಟರು ಬರೆಯುವ, ಕಂಪನಿ ಉತ್ತರ ಕೊಡಬೇಕಾದ ಮದ್ದು. ಇಲ್ಲಿ ಅಂಚೆಯಲ್ಲಿ ಬರುವ ಬಾಟ್ಲಿಗೆ ಆ ಗೌರವ ತಾನಾಗಿ ಬರುವುದಿಲ್ಲ. ಪೀನಿಯಲ್‌ಗೂ ಇವಕ್ಕೂ ನೇರ ಸಂಬಂಧ ಇಲ್ಲ.

ಸೆರೆಬ್ರೊಲೈಸಿನ್

ನೀರ್ಚಾಲಿನ ಅಕ್ಕನಿಗೆ ಹೇಳಿದ ಡ್ರಿಪ್ ಇದು. ಪ್ರಯೋಗಾಲಯದಲ್ಲಿ ಪೋಣಿಸಿದ್ದಲ್ಲ. ಹಂದಿಯ ಮೆದುಳಿನ ಪ್ರೋಟೀನನ್ನು ಕಿಣ್ವದಿಂದ ತುಂಡರಿಸಿ ಮಾಡುವ ಮಿಶ್ರಣ, ಆಸ್ಟ್ರಿಯಾದ್ದು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕೊಡುತ್ತಾರೆ, ಬಿಲ್ ಸಿಗುತ್ತದೆ, ಬ್ಯಾಚ್ ನಂಬರ್ ಇರುತ್ತದೆ. ಆ ಮಟ್ಟಿಗೆ ಅಳಿಯನ ಬಾಟ್ಲಿಗಿಂತ ಎಷ್ಟೋ ಮೇಲು.

ಫಲ? ರಕ್ತನಾಳ ಕಟ್ಟಿ ಆದ ಪಾರ್ಶ್ವವಾಯುವಿನ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಕಾಕ್ರೇನ್ ವಿಮರ್ಶೆಗೆ, ಸಾವು ತಪ್ಪಿಸುವಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಜೀವಕ್ಕೆ ಎರವಾಗದಿದ್ದರೂ ಗಂಭೀರವಾದ ತೊಂದರೆಗಳು ಜಾಸ್ತಿಯಾಗಬಹುದು ಎಂಬ ಸಂಶಯ ಬಂತು. ಕೈಕಾಲಿನ ಶಕ್ತಿ ಬೇಗ ಮರಳುತ್ತದೆ ಎಂದು ತೋರಿಸುವ ಸಣ್ಣ ಪರೀಕ್ಷೆಗಳೂ ಇವೆ, ಕೆಲವು ಡಾಕ್ಟರು ಅದನ್ನು ನಂಬಿ ಬರೆಯುತ್ತಾರೆ. ಮೋಸ ಎಂದು ನಾನು ಹೇಳುವುದಿಲ್ಲ. ಆದರೆ ಸಾಲ ಮಾಡಿ ಕೊಡಿಸುವಷ್ಟು ಗಟ್ಟಿಯಾದ ಸಾಕ್ಷಿ ಅದಲ್ಲ.

ಮೆಲಟೋನಿನ್ ಮಾತ್ರೆ

ಗ್ರಂಥಿಯನ್ನು ತಟ್ಟಿ ಎಬ್ಬಿಸುವ ಬದಲು, ಗ್ರಂಥಿ ಕೊಡುವುದನ್ನೇ ಕೊಟ್ಟರೆ? ಬಾಯಿಯಲ್ಲಿ ನುಂಗಬಹುದು, ನಮ್ಮ ಊರಲ್ಲೇ ಸಿಗುತ್ತದೆ, ಹತ್ತರ ಪಟ್ಟಿಗೆ ನೂರು ರೂಪಾಯಿಯ ಆಚೆ ಈಚೆ. ಪರೀಕ್ಷೆಗಳು ಹಲವು ದೇಶದವು, ಹಲವು ಬಳಗದವು. ಹಾಗಾಗಿ ಇದರ ಶಕ್ತಿ ಎಷ್ಟು ಎಂದು ಚೆನ್ನಾಗಿ ಗೊತ್ತಿದೆ, ಎಷ್ಟು ಇಲ್ಲ ಎಂಬುದೂ. 2013ರಲ್ಲಿ ಪರೀಕ್ಷೆಗಳನ್ನು ಒಟ್ಟು ಹಾಕಿ ನೋಡಿದಾಗ ಸರಾಸರಿ ಏಳು ನಿಮಿಷ ಬೇಗ ನಿದ್ದೆ ಬಂದಿತ್ತು. ಏಳೇ ನಿಮಿಷ! ಅಮೆರಿಕದ ನಿದ್ದೆ ತಜ್ಞರ ಸಂಘ 2017ರಲ್ಲಿ, ನಿದ್ರಾಹೀನತೆಗೆ ಇದನ್ನು ಬಳಸದಿರುವುದೇ ಮೇಲು ಎಂದು ಮೆಲುದನಿಯಲ್ಲಿ ಹೇಳಿತು. ಯುರೋಪಿನಲ್ಲಿ 55 ದಾಟಿದವರಿಗೆ ನಿಧಾನವಾಗಿ ಬಿಡುಗಡೆಯಾಗುವ 2 ಮಿಲಿಗ್ರಾಂ ಮಾತ್ರೆಗೆ 2007ರಿಂದ ಒಪ್ಪಿಗೆ ಇದೆ.

ನಿದ್ದೆಯ ಹೊತ್ತು ಜರುಗಿದವರಿಗೆ ಇದು ಹೆಚ್ಚು ಹೊಂದುತ್ತದೆ. ರಾತ್ರಿ ಪಾಳಿಯವರು, ವಿಮಾನದಲ್ಲಿ ದೂರ ಹೋದವರು, ಎರಡು ಗಂಟೆಯವರೆಗೆ ನಿದ್ದೆ ಬಾರದೆ ಹತ್ತಕ್ಕೆ ಏಳುವ ಹುಡುಗರು. ಹಾಸಿಗೆಯಲ್ಲಿ ಬಿದ್ದು ಚಿಂತೆ ಮಾಡುವವರಿಗೆ ಅಷ್ಟಾಗಿ ಅಲ್ಲ.

ಜಾಸ್ತಿ ತಿಂದರೆ ಜಾಸ್ತಿ ನಿದ್ದೆ ಎಂಬುದೂ ಇಲ್ಲ. ನಮ್ಮಲ್ಲಿ 3, 5, 10 ಮಿಲಿಗ್ರಾಂ ಮಾತ್ರೆಗಳು ಸಿಗುತ್ತವೆ. 2001ರಲ್ಲಿ ಅಮೆರಿಕದ ಎಂಐಟಿಯವರು ಪ್ರಾಯ ಆದವರಲ್ಲಿ ನೋಡಿದಾಗ 0.3 ಮಿಲಿಗ್ರಾಂ ಸಾಕಾಗಿತ್ತು. 3 ಮಿಲಿಗ್ರಾಂ ಕೊಟ್ಟಾಗ ಮೈಬಿಸಿ ಇಳಿಯಿತು, ಹಗಲಾದರೂ ರಕ್ತದಲ್ಲಿ ಮೆಲಟೋನಿನ್ ಉಳಿದಿತ್ತು. ಹತ್ತರ ಮಾತ್ರೆ ಕೇಳಿ ಬರುವವರನ್ನು ನಾನು ಮೊದಲು ಕೂರಿಸಿ ಮಾತಾಡಿಸುವುದು ಇದಕ್ಕೇ. ಜೆಲ್ಲಿ ರೂಪದ ಗಮ್ಮಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2023ರಲ್ಲಿ ಅಮೆರಿಕದಲ್ಲಿ 25 ಗಮ್ಮಿಗಳನ್ನು ಪರೀಕ್ಷಿಸಿದರೆ 22ರಲ್ಲಿ ಲೇಬಲ್ಲಿನ ಲೆಕ್ಕ ತಾಳೆಯಾಗಲಿಲ್ಲ. ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮದ್ದು, ಮನೋರೋಗದ ಫ್ಲುವಾಕ್ಸಮಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಬಾಟ್ಲಿ ಇಲ್ಲದ ದಾರಿ

ಇದನ್ನು ಹೇಳಿದರೆ ಗಿರಾಕಿಗಳ ಮುಖ ಸಣ್ಣದಾಗುತ್ತದೆ. ಆದರೂ ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಇದನ್ನೇ ಮಾಡಿ ಎಂದು 2016ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಘ ಹೇಳಿತು: ಸಿಬಿಟಿ-ಐ, ನಿದ್ದೆಯ ಅಭ್ಯಾಸ ತಿದ್ದುವ ಚಿಕಿತ್ಸೆ. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗುವುದು. ಇಪ್ಪತ್ತು ನಿಮಿಷ ಹೊರಳಾಡಿದರೆ ಎದ್ದು ಹೊರಗೆ ಕೂರುವುದು. ಮಲಗಿದ್ದು ಎಷ್ಟು ಹೊತ್ತಿಗಾದರೂ ಏಳುವುದು ಒಂದೇ ಹೊತ್ತಿಗೆ. ಹಾಸಿಗೆಯಲ್ಲಿರುವ ಒಟ್ಟು ಹೊತ್ತನ್ನು ಕಡಿಮೆ ಮಾಡಿ, ನಿದ್ದೆ ಗಟ್ಟಿಯಾದ ಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸುವುದು. ಮೊದಲ ಎರಡು ವಾರ ಹಗಲು ತೂಕಡಿಕೆ, ಸಿಟ್ಟು. ಬಿಡುವವರು ಆಗಲೇ ಬಿಡುತ್ತಾರೆ. ಬೈಕಿನಲ್ಲಿ ದಿನಾ ದೂರ ಓಡಾಡುವವರು, ಮೂರ್ಛೆ ರೋಗ ಇರುವವರು ಡಾಕ್ಟರ ಕಣ್ಣೆದುರೇ ಮಾಡಬೇಕು.

ಇದಕ್ಕೆ ಬೆಳಗಿನ ಬೆಳಕು ಸೇರಿಸಿ. ಎದ್ದ ಕೂಡಲೇ ಅರ್ಧ ಗಂಟೆ ಅಂಗಳದಲ್ಲಿ, ತೋಟದ ಅಂಚಿನಲ್ಲಿ. ಮೋಡ ಇದ್ದರೂ ಹೊರಗಿನ ಬೆಳಕು ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ಸಂಜೆಯ ಚಹಾ ಬಿಡಿ, ಕೆಫೀನಿನ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಖರ್ಚು ಸೊನ್ನೆ. ಕಷ್ಟ ಇರುವುದು ಹಟದಲ್ಲಿ.

ಯಕ್ಷಗಾನದ ಕಲಾವಿದರೊಬ್ಬರು ಒಮ್ಮೆ ಕೇಳಿದರು, ಬೆಳಗಿನವರೆಗೆ ದೀಪದ ಎದುರು ಕುಣಿಯುವ ನಮ್ಮ ಪೀನಿಯಲ್ ಏನು ಮಾಡ್ತದೆ ಎಂದು. ಗೊಂದಲದಲ್ಲಿರ್ತದೆ ಎಂದೆ. ಕಾಲಮಿತಿಯ ಆಟ ಬಂದ ಮೇಲೆ ತನಗೆ ನಿದ್ದೆ ಸರಿಯಾಯಿತು ಎಂದರು ಅವರು. ಆಟದ ರುಚಿ ಹೋಯಿತು ಎಂದೂ ಸೇರಿಸಿದರು.

ಹಾಗಾದರೆ ಯಾರಿಗೆ ಯಾವುದು

ನೀರ್ಚಾಲಿನ ಅಕ್ಕನಿಗೆ: ಡ್ರಿಪ್ ಹಂದಿಯದ್ದು ಎಂದು ತಿಳಿದ ಮೇಲೆ ಮನೆಯವರು ಏನು ಹೇಳುತ್ತಾರೆ ನೋಡಿ. ಅವರು ಒಪ್ಪಿ, ಕೈಯಲ್ಲಿ ದುಡ್ಡೂ ಇದ್ದು, ಡಾಕ್ಟರು ಏಕೆ ಬೇಕು ಎಂದು ಬಿಡಿಸಿ ಹೇಳಿದರೆ ಕೊಡಿಸಿ. ದುಡ್ಡು ಒಂದಕ್ಕೆ ಮಾತ್ರ ಸಾಕಾಗುವುದಾದರೆ ಫಿಸಿಯೋಥೆರಪಿಯವರನ್ನು ಮನೆಗೆ ಕರೆಸಿ. ಬಿಪಿ ಮಾತ್ರೆ ಒಂದು ದಿನವೂ ತಪ್ಪದಿರಲಿ.

ದುಬೈಯ ಅಳಿಯನಿಗೆ, ಪಾಳಿ ಕೆಲಸ ಇರುವುದಾದರೆ: ಮೆಲಟೋನಿನ್, ಕಡಿಮೆ ಪ್ರಮಾಣ, ಡಾಕ್ಟರನ್ನು ಕೇಳಿ. ಹಗಲು ಮಲಗುವ ಕೋಣೆಗೆ ದಪ್ಪ ಪರದೆ. ಪಾಳಿ ಮುಗಿಸಿ ಬರುವಾಗ ಕಪ್ಪು ಕನ್ನಡಕ, ಆದರೆ ತಾನೇ ಕಾರು ಓಡಿಸುವುದಾದರೆ ಬೇಡ.

ಎಂ.ಎಸ್ಸಿ. ಹುಡುಗಿಗೆ ನನ್ನ ಉತ್ತರ ತಿರುಗುಮುರುಗು. ಮೈಗೆ ಹಾಕಿಸಿಕೊಳ್ಳುವವರಿಗೆ ಬೇಡ ಎಂದ ಎಪಿಟಲಾನೇ ಅವಳಿಗೆ ಒಳ್ಳೆಯದು. ಕಾರಣವೂ ಅದೇ: ಹೊರಗಿನವರು ಮಾಡಿ ನೋಡಿದ್ದು ಕಡಿಮೆ. ನಾಲ್ಕೇ ಕೊಂಡಿ ಇರುವುದರಿಂದ ಮಾಡಿಸುವುದು ಸುಲಭ, ಬೆಲೆಯೂ ತಡೆದುಕೊಳ್ಳುವಂಥದ್ದು. ಪೆಪ್ಟೈಡನ್ನು ಗಟ್ಟಿ ಮಣಿಗೆ ಅಂಟಿಸಿ ಒಂದೊಂದೇ ಕೊಂಡಿ ಪೋಣಿಸುವ ವಿಧಾನವನ್ನು ಮೆರಿಫೀಲ್ಡ್ 1963ರಲ್ಲಿ ತೋರಿಸಿದರು, 1984ರಲ್ಲಿ ನೊಬೆಲ್ ಬಂತು. ಮಾರುವವರಿಂದ ಶುದ್ಧತೆ ತೋರಿಸುವ ಎಚ್‌ಪಿಎಲ್‌ಸಿ ವರದಿಯ ಜೊತೆ ಅಣುತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್ ಕೂಡ ಕೇಳಬೇಕು, ಅಣುತೂಕ 390ರ ಸುತ್ತ ಇರಬೇಕು. ಶೇ. 98 ಶುದ್ಧ ಎಂದರೆ ತೂಕದಲ್ಲಿ ಶೇ. 98 ಪೆಪ್ಟೈಡ್ ಎಂದಲ್ಲ. ಪುಡಿಯ ತೂಕದಲ್ಲಿ ಉಪ್ಪು, ನೀರಿನ ತೂಕವೂ ಸೇರಿರುತ್ತದೆ. ಅದನ್ನು ಬಿಟ್ಟು ಲೆಕ್ಕ ಹಾಕದಿದ್ದರೆ ಪ್ರಮಾಣವೇ ತಪ್ಪುತ್ತದೆ. ಅದೇ ನಾಲ್ಕು ಅಮೈನೋ ಆಮ್ಲಗಳನ್ನು ಬೇರೆ ಸಾಲಿನಲ್ಲಿ ಪೋಣಿಸಿದ ಇನ್ನೊಂದು ಪೆಪ್ಟೈಡನ್ನೂ ಜೊತೆಗೆ ತರಿಸಬೇಕು. ಎರಡೂ ಒಂದೇ ಫಲ ಕೊಟ್ಟರೆ ಕೆಲಸ ಮಾಡಿದ್ದು ಆ ಸರಪಳಿ ಅಲ್ಲ, ಬರೀ ಅಮೈನೋ ಆಮ್ಲ. ಪೀನಿಯಲ್ ಕೋಶಗಳಿಗೆ ಇಲಿ ಬೇಕು, ಪ್ರಾಣಿ ಪ್ರಯೋಗದ ಸಮಿತಿಯ ಒಪ್ಪಿಗೆಗೆ ತಿಂಗಳುಗಳು ಹಿಡಿಯಬಹುದು. ಆರು ತಿಂಗಳ ಪ್ರಾಜೆಕ್ಟ್ ಆದರೆ ಸಿದ್ಧ ಸಿಗುವ ಜೀವಕೋಶಗಳಲ್ಲಿ ಪಿನಿಯಲಾನ್ ಹಿಡಿಯುವುದೇ ಜಾಣತನ. ಇಲಿಯೇ ಆದರೆ ಮಾದರಿ ತೆಗೆದ ಗಂಟೆ ಬರೆದಿಡಬೇಕು, ಕತ್ತಲಲ್ಲಿ ಮಂಕಾದ ಕೆಂಪು ದೀಪ ಹಿಡಿಯಬೇಕು. ಬಿಳಿ ದೀಪ ಹಾಕಿದರೆ ಅಳೆಯುವ ಮೊದಲೇ ಮೆಲಟೋನಿನ್ ಇಳಿದಿರುತ್ತದೆ.

ಇನ್ನು ಬಾಟ್ಲಿಯ ಭಾವ. ನಿದ್ದೆ ಬರುವುದಿಲ್ಲ ಎಂದರಲ್ಲ, ಎಷ್ಟು ಸಲ ಏಳ್ತೀರಿ ಎಂದೆ. ನಾಲ್ಕು ಸಲ. ಎದ್ದು ಏನು ಮಾಡ್ತೀರಿ? "ಮೂತ್ರಕ್ಕೆ ಹೋಗುವುದು ಮಾರಾಯ್ರೇ, ಮತ್ತೆಂತ?" ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ನೋಡಿಸಿದರು. 190. ಈಗ ಡಾಕ್ಟರು ಬರೆದ ಮಾತ್ರೆ ತಗೊಳ್ಳುತ್ತಿದ್ದಾರೆ, ರಾತ್ರಿ ಒಂದು ಸಲ ಏಳುತ್ತಾರೆ. ಆ ಬಾಟ್ಲಿ ನನ್ನ ಫ್ರಿಜ್ಜಿನಲ್ಲೇ ಇದೆ. ಅಳಿಯ ಊರಿಗೆ ಬಂದಾಗ ತೋರಿಸಬೇಕು, ಚೆಲ್ಲಬೇಡಿ ಎಂದಿದ್ದಾರೆ.